ಕತ್ತದ ಹುರಿ ಹಿಡಿದು ಅಮಿನಿ ದ್ವೀಪಕ್ಕೆ: ನನ್ನ ಅನುಭವ

ಪ್ಯಾಕೇಜ್ ಇಲ್ಲದೆ ಲಕ್ಷದ್ವೀಪಕ್ಕೆ ಹೋಗಲಾಗದು, ಹೋದರೂ ಅಮಿನಿಯಲ್ಲಿ ನೋಡುವಂಥದ್ದೇನೂ ಇಲ್ಲ ಎಂಬುದು ನಮ್ಮ ಪ್ರವಾಸಿ ಬಳಗದಲ್ಲಿ ಗಟ್ಟಿಯಾಗಿ ಬೇರೂರಿದ್ದ ನಂಬಿಕೆ. ಚರಿತ್ರೆ ಬೇಕಿದ್ದರೆ ಆಂದ್ರೋತಿಗೋ ಮಿನಿಕಾಯ್‌ಗೋ ಹೋಗು, ನೀಲಿ ನೀರು ಬೇಕಿದ್ದರೆ ಅಗತ್ತಿಗೆ ಹೋಗು ಎಂದು ಅನುಭವಸ್ಥರೇ ಹೇಳಿದ್ದರು. ನಾನು ಹಟ ಬಿಡದೆ ಅಮಿನಿಗೇ ಹೋಗಿ, ಒಂದು ವಾರಕ್ಕೂ ಮಿಕ್ಕಿ ಅಲ್ಲಿದ್ದು, ಹುಡುಕಿಕೊಂಡು ಹೋದದ್ದನ್ನು ಕಂಡು ಬಂದಿದ್ದೇನೆ. ಹಾದಿ ಫಲ ಕೊಟ್ಟಿದೆ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಮಿನಿಯೇ ಏಕೆಂದರೆ, ಅದು ಒಂದು ಕಾಲದಲ್ಲಿ ಮಂಗಳೂರಿನದಾಗಿತ್ತು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಈ ಐದೂ ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿ ಸರ್ಕಾರದ ಪಾಲಾಗಿ, ಅಮಿನ್‌ದಿವಿ ದ್ವೀಪಗಳೆಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ದಿನವೇ ಈ ಐದು ದ್ವೀಪಗಳು ನಮ್ಮಿಂದ ಕಳಚಿಕೊಂಡು ಕೇಂದ್ರಾಡಳಿತಕ್ಕೆ ಹೋದವು. ನಾವು ರಾಜ್ಯೋತ್ಸವ ಆಚರಿಸುವ ದಿನಕ್ಕೆ ಈ ಇನ್ನೊಂದು ಮುಖವೂ ಇದೆ ಎಂಬುದನ್ನು ಕರಾವಳಿಯ ಶಾಲೆಗಳಲ್ಲಿ ಓದಿದವರಿಗೂ ಯಾರೂ ಹೇಳಿಲ್ಲ, ನನಗಂತೂ ಹೇಳಿರಲಿಲ್ಲ.

ನನ್ನ ಕ್ರಮ ಸರಳವಾದದ್ದು. ದ್ವೀಪಕ್ಕೆ ಹೋಗಿ ‘ನಿಮ್ಮ ಚರಿತ್ರೆ ಹೇಳಿ’ ಎಂದು ಯಾರನ್ನೂ ಕೇಳಬಾರದು. ಹಾಗೆ ಕೇಳಿದರೆ ಎಲ್ಲ ಊರುಗಳಲ್ಲಿಯೂ ಸಿಗುವುದು ಒಂದೇ ಬಗೆಯ ಉತ್ತರ. ಯಾವುದೋ ಸಂತರ ಕಥೆ, ಯಾವುದೋ ಯುದ್ಧದ ಕಥೆ, ಅಷ್ಟಕ್ಕೆ ಮುಗಿಯುತ್ತದೆ. ಅದರ ಬದಲು ಆ ದ್ವೀಪಕ್ಕೂ ನಮ್ಮ ದಡಕ್ಕೂ ನಡುವೆ ಓಡಾಡಿದ ಒಂದೇ ಒಂದು ಸರಕನ್ನು ಆರಿಸಿಕೊಂಡು, ಅದನ್ನು ಮಾಡುವವರ ಅಂಗಳದಲ್ಲಿ ಕುಳಿತು, ಅದರ ಬಗ್ಗೆ ಮಾತ್ರ ಕೇಳಬೇಕು. ಅಮಿನಿಯ ಮಟ್ಟಿಗೆ ಆ ಸರಕು ಕತ್ತದ ಹುರಿ, ಅಂದರೆ ತೆಂಗಿನ ನಾರಿನಿಂದ ಹೊಸೆದ ಹಗ್ಗ. ಕತ್ತದ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು: ದ್ವೀಪದವರು ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕು, ಅದಕ್ಕೆ ಪ್ರತಿಯಾಗಿ ಸರ್ಕಾರ ಗೊತ್ತುಮಾಡಿದ ದರದಲ್ಲಿ ಅಕ್ಕಿ ಪಡೆಯಬೇಕು. ಭತ್ತ ಬೆಳೆಯದ ಹವಳದ ನೆಲದಲ್ಲಿ ಬದುಕು ಪೂರ್ತಿಯಾಗಿ ಈ ವಿನಿಮಯದ ಮೇಲೆ ನಿಂತಿತ್ತು ಎಂದಾಗ, ಹುರಿಯ ಕಥೆಯೇ ಊರಿನ ಕಥೆಯಾಗದೆ ಇನ್ನೇನು?

ಅಲ್ಲಿಗೆ ತಲುಪುವುದು ಮಾತ್ರ ಸರಳವಾಗಿರಲಿಲ್ಲ. 1967ರ ಪ್ರವೇಶ ನಿಯಮಗಳ ಪ್ರಕಾರ ಹೊರಗಿನವರಿಗೆ ಪರವಾನಗಿ ಬೇಕು, ರೆಸಾರ್ಟ್ ಇಲ್ಲದ ದ್ವೀಪಕ್ಕೆ ಹೋಗುವವರಿಗೆ ಅಲ್ಲಿನ ನಿವಾಸಿಯೊಬ್ಬರು ಪ್ರಾಯೋಜಕರಾಗಬೇಕು. ಮೊದಲ ವರ್ಷ ಕೊಚ್ಚಿಯ ಮಧ್ಯವರ್ತಿಯೊಬ್ಬರು ಎಲ್ಲವನ್ನೂ ಮಾಡಿಸಿಕೊಡುತ್ತೇನೆಂದು ಆರು ಸಾವಿರದಷ್ಟು ಮುಂಗಡ ಪಡೆದು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಎರಡನೆಯ ಬಾರಿ ಪ್ರಾಯೋಜಕರು ಸಿಕ್ಕಿದರು, ಪೊಲೀಸ್ ಪ್ರಮಾಣಪತ್ರವೂ ಬಂತು, ಆದರೆ ಪರವಾನಗಿ ಕೈಸೇರುವ ಹೊತ್ತಿಗೆ ಮಳೆಗಾಲದ ಬಾಗಿಲಿಗೆ ಬಂದಿದ್ದೆವು. ಹಡಗುಗಳ ಸಂಖ್ಯೆ ಇಳಿದು, ಇದ್ದ ಸೀಟುಗಳು ದ್ವೀಪದವರಿಗೇ ಸಾಲದೆ, ಪರವಾನಗಿಯ ಅವಧಿ ತೀರಿಹೋಯಿತು. ಅದರ ನಡುವೆ ಮಂಗಳೂರಿನ ಹಳೇ ಬಂದರಿನಿಂದ ದ್ವೀಪಗಳಿಗೆ ಸಿಮೆಂಟು, ಜಲ್ಲಿ, ತರಕಾರಿ ಒಯ್ಯುವ ಮಂಜಿ ಎಂಬ ಸರಕು ನೌಕೆಗಳಲ್ಲಿ ಹೋಗಲು ಸಾಧ್ಯವೇ ಎಂದು ದಕ್ಕೆಯಲ್ಲಿ ವಾರಗಟ್ಟಲೆ ವಿಚಾರಿಸಿದೆ. ಸರಕಿನ ಮಂಜಿಯಲ್ಲಿ ಪ್ರವಾಸಿಗರನ್ನು ಒಯ್ಯುವಂತಿಲ್ಲ, ಅದು ಸರಿಯಾದ ನಿಯಮವೇ. ಆದರೆ ಆ ತಿರುಗಾಟ ದಂಡವಾಗಲಿಲ್ಲ. ಅಲ್ಲಿ ಸರಕು ಲೆಕ್ಕ ಬರೆಯುವ ಹಿರಿಯರೊಬ್ಬರ ಪರಿಚಯವಾಯಿತು, ಅವರ ಮೂಲಕ ಅಮಿನಿಯ ಒಂದು ಮನೆಯ ಪರಿಚಯವಾಯಿತು. ಆ ಮನೆಯವರನ್ನು ಒಪ್ಪಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾಳೆ ಐವತ್ತು ಜನ ಅದೇ ಬಾಗಿಲು ತಟ್ಟಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಅಮಿನಿ ಮಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 300 ಕಿಲೋಮೀಟರ್, ಕೊಚ್ಚಿಯಿಂದ 400ರಷ್ಟು. ಹತ್ತಿರದ ಬಂದರನ್ನು ಬಿಟ್ಟು ದೂರದ ಬಂದರಿಗೆ ರೈಲಿನಲ್ಲಿ ಹೋಗಿ ಹಡಗು ಹತ್ತುವುದು ನನಗೆ ಪ್ರತಿ ಬಾರಿಯೂ ನೋವಿನ ಸಂಗತಿಯಾಗಿತ್ತು. ಕೊನೆಗೆ ಮಳೆಗಾಲ ಕಳೆದು ಕಡಲು ತಣಿದ ಮೇಲೆ, ಬ್ಯಾರಿ ಭಾಷೆಯ (ನಮ್ಮ ಕರಾವಳಿಯ ಮುಸ್ಲಿಮರಾಡುವ, ಮಲಯಾಳಂಗೆ ಹತ್ತಿರದ ಮಾತು) ನನ್ನ ಸ್ನೇಹಿತನನ್ನು ಜೊತೆಗೆ ಕರೆದುಕೊಂಡು ಹೊರಟೆ. ಇದು ನನ್ನ ಯೋಜನೆಯ ಅತಿ ಮುಖ್ಯ ಭಾಗ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ದ್ವೀಪದವರ ಜೆಸರಿ ಮಲಯಾಳಂಗೆ ಹತ್ತಿರದ ಮಾತಾದರೂ, ಕೇರಳದ ಪಠ್ಯಪುಸ್ತಕದ ಮಲಯಾಳಂ ಮಾತನಾಡುವ ದುಭಾಷಿಯ ಎದುರು ಅಜ್ಜಿಯಂದಿರು ಅಳೆದು ತೂಗಿ ಮಾತನಾಡುತ್ತಾರೆ. ಬ್ಯಾರಿ ಮಾತು ಕಿವಿಗೆ ಬಿದ್ದಾಗ ಅವರು ನಕ್ಕರು, ತಿದ್ದಿದರು, ಆಮೇಲೆ ಸಲೀಸಾಗಿ ಹರಟಿದರು.

ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಏರಿಳಿಯುವ ಸಣ್ಣ ದೋಣಿಗೆ ಜಿಗಿಯಬೇಕು. ದ್ವೀಪ ಎರಡೂವರೆ ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು, ಜನಸಂಖ್ಯೆ 2011ರ ಗಣತಿಯಲ್ಲಿ ಏಳೂವರೆ ಸಾವಿರದ ಆಸುಪಾಸು. ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ, ಬಹುಪಾಲನ್ನು ನೆಲವೇ ತುಂಬಿರುವುದರಿಂದ ಬಂಗಾರಂ ದ್ವೀಪದ ಚಿತ್ರಗಳಲ್ಲಿ ಕಾಣುವಂಥ ಅಗಲವಾದ ಹಸಿರು ನೀರು ಇಲ್ಲಿಲ್ಲ. ‘ನೋಡುವಂಥದ್ದಿಲ್ಲ’ ಎಂದವರ ಮಾತಿನ ಮೂಲ ಬಹುಶಃ ಇದೇ.

ಮೊದಲೆರಡು ದಿನ ನಾನು ಏನನ್ನೂ ಕೇಳಲಿಲ್ಲ, ದಡದಲ್ಲಿ ಸಿಪ್ಪೆ ಹೂಳುವ ಗುಂಡಿಗಳನ್ನು ನೋಡುತ್ತಾ ಇದ್ದೆ. ತೆಂಗಿನ ಸಿಪ್ಪೆಯನ್ನು ಲಗೂನಿನ ಅಂಚಿನ ಮರಳಿನಲ್ಲಿ ಹೂತು, ಮೇಲೆ ಹವಳದ ಕಲ್ಲು ಹೇರಿ, ವರ್ಷದ ಹತ್ತಿರ ಬಿಡುತ್ತಾರೆ. ಉಬ್ಬರ ಇಳಿತದ ಉಪ್ಪುನೀರು ದಿನಕ್ಕೆರಡು ಬಾರಿ ಒಳಹೊಕ್ಕು ಹೊರಬಂದು ಸಿಪ್ಪೆಯ ಕೊಳೆಯನ್ನೆಲ್ಲ ತೊಳೆದೊಯ್ಯುತ್ತದೆ. ತೆಗೆದ ಮೇಲೆ ಕೋಲಿನಿಂದ ಬಡಿದರೆ ಹೊರಬರುವ ನಾರು ಬೆಳ್ಳಗೆ, ಮೆತ್ತಗೆ ಇರುತ್ತದೆ. ಈಗ ಈ ಕೆಲಸ ಮಾಡುವ ಮನೆಗಳು ಬೆರಳೆಣಿಕೆಯವು. ಎಂಬತ್ತು ದಾಟಿದ ಒಬ್ಬ ಉಮ್ಮ ಮಾತ್ರ ಜಗುಲಿಯಲ್ಲಿ ಕಾಲು ಚಾಚಿ ಕುಳಿತು ಕೈಯಲ್ಲೇ ಹೊಸೆಯುತ್ತಿದ್ದರು: ನಾರಿನ ಎರಡು ಸಣ್ಣ ಎಸಳನ್ನು ಎರಡೂ ಅಂಗೈಗಳ ನಡುವೆ ಒಂದೇ ದಿಕ್ಕಿಗೆ ಉಜ್ಜಿ, ತಿರುಚಿಕೊಂಡ ಎಳೆಗಳನ್ನು ಬಿಟ್ಟಾಗ ಅವು ತಾವಾಗಿಯೇ ಒಂದಕ್ಕೊಂದು ಹಿಮ್ಮುಖವಾಗಿ ಸುತ್ತಿಕೊಳ್ಳುತ್ತಿದ್ದವು, ತುದಿ ಮುಗಿಯುವ ಮೊದಲೇ ಮತ್ತಷ್ಟು ನಾರು ಸೇರುತ್ತಿತ್ತು, ಗಂಟಿನ ಸುಳಿವೇ ಇರಲಿಲ್ಲ. ನಾನೂ ಹೊಸೆಯಲು ಕುಳಿತೆ. ಅರ್ಧ ಗಂಟೆಯಲ್ಲಿ ಅಂಗೈ ಕೆಂಪಾಯಿತು, ಹುರಿ ಒಂದು ಗಜ ಮುಟ್ಟಿರಲಿಲ್ಲ. ಮೂರನೆಯ ದಿನಕ್ಕೆ ನನ್ನ ಹುರಿಯನ್ನು ಎಳೆದು ನೋಡಿ ಅವರು ಬೇಲಿ ಕಟ್ಟಲು ಬಳಸಿದರು; ನನ್ನ ಮಟ್ಟಿಗೆ ಅದು ಸಣ್ಣ ಪ್ರಶಸ್ತಿಯಲ್ಲ.

ನಾವು ಮಂಗಳೂರಿನವರು ಎಂದು ಗೊತ್ತಾದಾಗ ಉಮ್ಮ ಮೊದಲು ಕೇಳಿದ್ದು, ‘ಅಲ್ಲಿ ಈಗಲೂ ಕುಚ್ಚಲಕ್ಕಿ ತಿನ್ನುತ್ತೀರಾ?’ ಎಂದು. ಅಲ್ಲಿಂದ ಮಾತಿನ ಕಟ್ಟು ಬಿಚ್ಚಿತು. ಅವರ ತಾಯಿ ಹುರಿಯ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಸರ್ಕಾರದ ಉಗ್ರಾಣಕ್ಕೆ ಹೋಗುತ್ತಿದ್ದುದು, ಒದ್ದೆ ಹುರಿಯೆಂದು ತೂಕದಲ್ಲಿ ಕಡಿತ ಮಾಡುತ್ತಿದ್ದುದು, ಹಿಂದಿರುಗಿ ಬಂದ ಅಕ್ಕಿಯಲ್ಲಿ ಹುಳು ಹಿಡಿದಿರುತ್ತಿದ್ದುದು, ಮಳೆಗಾಲದಲ್ಲಿ ಓಡಂ ಎಂಬ ಹಾಯಿದೋಣಿಗಳನ್ನೆಲ್ಲ ದಡಕ್ಕೆಳೆದು ಮಡಲಿನ ಚಪ್ಪರದಡಿ ಮಲಗಿಸಿದ ಮೇಲೆ ತಿಂಗಳುಗಟ್ಟಲೆ ತೆಂಗಿನಕಾಯಿ, ಒಣಮೀನುಗಳಲ್ಲೇ ದಿನ ಕಳೆಯುತ್ತಿದ್ದುದು, ಇವೆಲ್ಲ ಒಂದರ ಹಿಂದೊಂದು ಬಂದವು. ದ್ವೀಪದಲ್ಲಿ ಮಂಗಳೂರಿನ ಅಧಿಕಾರದ ಪ್ರತಿನಿಧಿಯಾಗಿ ಮಣೆಗಾರ ಇರುತ್ತಿದ್ದ ಎಂದು ಹಳೆಯ ದಾಖಲೆಗಳಲ್ಲಿ ಓದಿದ್ದೆ. ಅವನ ಎದುರು ನಿಲ್ಲುವುದು ಹೇಗಿತ್ತು ಎಂಬುದನ್ನು ಕೇಳಿದ್ದು ಈ ಜಗುಲಿಯಲ್ಲೇ. ‘ನಿಮ್ಮೂರಿನ ತಕ್ಕಡಿ ನಮ್ಮ ತಾಯಿಗೆ ಸಾಯುವವರೆಗೂ ಮರೆತಿರಲಿಲ್ಲ’ ಎಂದು ಉಮ್ಮ ಶಾಂತವಾಗಿಯೇ ಹೇಳಿದರು. ಮಂಗಳೂರಿನ ಬಂದರನ್ನು ನಾವು ನಮ್ಮ ವೈಭವವಾಗಿ ಬರೆದುಕೊಂಡಿದ್ದೇವೆ. ಆ ವೈಭವವನ್ನು ಇನ್ನೊಂದು ದಡದಿಂದ ನೋಡಿದವರ ಮಾತು ನಮ್ಮ ಬರಹಗಳಲ್ಲಿ ಸೇರಲೇಬೇಕು.

ಹುರಿಯಿಂದ ಆಸ್ತಿಯ ಮಾತಿಗೆ ಹೋಗುವುದು ಸುಲಭವಾಯಿತು, ಏಕೆಂದರೆ ತೆಂಗಿನ ಮರ ಯಾರದ್ದೋ ಸಿಪ್ಪೆಯೂ ಅವರದ್ದೇ. ದ್ವೀಪದ ಮುಸ್ಲಿಂ ಮನೆಗಳಲ್ಲಿ ತಾಯಿಯ ಕಡೆಯಿಂದ ಬರುವ ತರವಾಡಿನ, ಅಂದರೆ ಕೂಡುಕುಟುಂಬದ, ಆಸ್ತಿಗೆ ವೆಳ್ಳಿಯಾಯ್ಚ, ಅಂದರೆ ಶುಕ್ರವಾರದ ಸ್ವತ್ತು ಎನ್ನುತ್ತಾರೆ. ಸ್ವಂತ ದುಡಿಮೆಯದ್ದು ತಿಂಗಳಾಯ್ಚ, ಸೋಮವಾರದ ಸ್ವತ್ತು. ತಾಯಿಯ ಕಡೆಯಿಂದಲೇ ಆಸ್ತಿ ಇಳಿಯುವ ನಮ್ಮ ಅಳಿಯಕಟ್ಟನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಮರದ ಕಾಂಡದ ಮೇಲೆ ಕೆತ್ತಿದ ಗುರುತುಗಳನ್ನು ತೋರಿಸಿ, ಇದು ಇಂಥ ತರವಾಡಿನದು ಎಂದು ಅವರು ವಿವರಿಸುತ್ತಾ ನಡೆದಾಗ, ತೋಟವನ್ನೇ ದಾಖಲೆಯಂತೆ ಓದಬಹುದೆಂಬುದು ನನಗೆ ಖಚಿತವಾಯಿತು. ಪೋರ್ಚುಗೀಸರಿಗೆ ವಿಷವಿಟ್ಟು ಕೊಂದರೆಂಬ 16ನೆಯ ಶತಮಾನದ ಕಥೆಯನ್ನೂ ಕೇಳಿಸಿಕೊಂಡೆ. ಅದನ್ನು ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವ ಅಗತ್ಯವಿಲ್ಲ.

ಈ ನಡುವೆ ಮಾಡಿದ ಎರಡು ಪ್ರಯೋಗಗಳನ್ನು ಹೇಳಬೇಕು. ಅಲ್ಲಿನ ನಾವಿಕರಾದ ಮಾಲ್ಮಿಗಳು ಧ್ರುವ ನಕ್ಷತ್ರದ ಎತ್ತರವನ್ನು ಹಲಗೆ ಮತ್ತು ಗಂಟು ಹಾಕಿದ ದಾರದಿಂದ ಅಳೆದು ದಾರಿ ಹಿಡಿಯುತ್ತಿದ್ದರು. ಅರಬರು ಆ ಉಪಕರಣವನ್ನು ಕಮಾಲ್ ಎನ್ನುತ್ತಿದ್ದರು. ಐದೂವರೆ ಸೆಂಟಿಮೀಟರ್ ಎತ್ತರದ ಹಲಗೆಗೆ ಉಮ್ಮನ ಹುರಿಯನ್ನೇ ಕಟ್ಟಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗುವಲ್ಲಿ ಗಂಟು ಹಾಕಿದೆ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಮಂಗಳೂರಿನ ತಣ್ಣೀರುಬಾವಿಯ ದಡದಲ್ಲಿ ಅದೇ ಹೊತ್ತಿಗೆ ಮತ್ತೆ ಅಳೆದೆ. ಅಲ್ಲಿ ಉತ್ತರಕ್ಕೆ ಸಮುದ್ರವಿಲ್ಲದ್ದರಿಂದ ಮರಳಿನ ಅಂಚನ್ನೇ ದಿಗಂತವೆಂದು ಹಿಡಿಯಬೇಕಾಯಿತು. ಎರಡು ಗಂಟುಗಳ ನಡುವೆ ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಅಂತರ ಬಂತು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಅಮಿನಿಯ ಅಕ್ಷಾಂಶ 11 ಡಿಗ್ರಿಗಿಂತ ತುಸು ಮೇಲೆ, ಮಂಗಳೂರಿನದು 13ಕ್ಕೆ ಸಮೀಪ; ಲೆಕ್ಕ ಹಾಕಿದರೆ ಬರಬೇಕಾದದ್ದೂ ಅಷ್ಟೇ. ನಕ್ಷತ್ರದ ಎತ್ತರವನ್ನು ಬೆರಳುಗಳ ಲೆಕ್ಕದಲ್ಲಿ ಹೇಳುತ್ತಿದ್ದ ಮಾಲ್ಮಿಗಳ ಅಳತೆಯಲ್ಲಿ ಈ ಅಕ್ಷಾಂಶದ ವ್ಯತ್ಯಾಸ ಒಂದು ಬೆರಳಿಗಿಂತ ಸ್ವಲ್ಪ ಹೆಚ್ಚು. ಅಮಿನಿಯಿಂದ ಮಂಗಳೂರಿಗೆ ಬರುವ ಓಡಂ ನಕ್ಷತ್ರವನ್ನು ಒಂದು ಬೆರಳು ಏರಿಸಿಕೊಂಡರೆ ಸಾಕಿತ್ತು ಎಂಬುದನ್ನು ಕೈಯಾರೆ ಅಳೆದು ತಿಳಿದ ಸಂತೋಷ ದೊಡ್ಡದು.

ಇನ್ನೊಂದು ಸಿಪ್ಪೆಯದು. ಹೊರಡುವ ಮೊದಲೇ ನಮ್ಮ ತೋಟದ ಸಿಹಿನೀರಿನ ಗುಂಡಿಯಲ್ಲಿ ಸಿಪ್ಪೆ ಹೂತಿದ್ದೆ. ಎಂಟೊಂಬತ್ತು ತಿಂಗಳ ಮೇಲೆ ತೆಗೆದಾಗ ನಾರು ಕಪ್ಪಗಾಗಿ, ವಾಸನೆಯಿಂದ ಯಾರೂ ಹತ್ತಿರ ಬರಲಿಲ್ಲ. ಅಳಿವೆಯ ಸವುಳು ನೀರಿನಲ್ಲಿ ಇಟ್ಟ ಎರಡನೆಯ ಕಂತು ಎಷ್ಟೋ ಮೇಲು, ಆದರೂ ಅಮಿನಿಯ ಬಿಳುಪು ಬರಲಿಲ್ಲ. ನೀರು ನಿಲ್ಲದೆ ಆಡುತ್ತಿರಬೇಕು ಎಂಬುದೇ ಅದರ ಗುಟ್ಟು. ಗುಂಡಿಯನ್ನು ದಡದಲ್ಲಿ ಎಲ್ಲಿ ತೋಡಬೇಕೆಂದು ಉಮ್ಮ ಹೇಳಿಕೊಟ್ಟಿದ್ದಾರೆ, ಅದನ್ನು ಮಾಡಿ ನೋಡಿದ ಮೇಲೆ ಬರೆಯುತ್ತೇನೆ.

ಖರ್ಚಿನ ಮಾತು. ಫಲ ಕೊಟ್ಟ ಪ್ರಯಾಣಕ್ಕೆ ರೈಲು, ಕೊಚ್ಚಿಯ ವಸತಿ, ಹಡಗು, ಊಟ ಎಲ್ಲ ಸೇರಿ ತಲೆಗೆ ಹದಿನಾಲ್ಕು ಸಾವಿರದಷ್ಟಾಗಿರಬೇಕು. ಹಡಗಿನಲ್ಲಿ ಬಂಕ್ ದರ್ಜೆ ಸಾಕು. ಕ್ಯಾಬಿನ್‌ಗೆ ಕೊಡುವ ಹೆಚ್ಚಿನ ಹಣವನ್ನು ದ್ವೀಪದಲ್ಲಿ ಉಳಿದ ಮನೆಗೆ ಅಕ್ಕಿ, ತರಕಾರಿ, ಔಷಧಿ ಒಯ್ಯಲು ಬಳಸಿದರೆ ಹೆಚ್ಚು ಅರ್ಥವಿದೆ. ಆ ಮನೆಯವರು ಬಾಡಿಗೆಯ ಹಣ ಮುಟ್ಟಲಿಲ್ಲ, ಕುಚ್ಚಲಕ್ಕಿಯ ಮೂಟೆಯನ್ನು ಮಾತ್ರ ಬೇಡವೆನ್ನಲಿಲ್ಲ. ವಿಫಲವಾದ ಯತ್ನಗಳಲ್ಲಿ ಹೋದದ್ದು ಇನ್ನೊಂದು ಹನ್ನೆರಡು ಸಾವಿರ ಇರಬಹುದು. ಎರಡನ್ನೂ ಕೂಡಿಸಿದರೂ ಹಗಲು ದ್ವೀಪ ತೋರಿಸಿ ರಾತ್ರಿ ಹಡಗಿನಲ್ಲೇ ಮಲಗಿಸುವ ಪ್ಯಾಕೇಜಿನ ಬೆಲೆಗಿಂತ ಕಡಿಮೆಯೇ.

ಪರವಾನಗಿಗೆ ಅರ್ಜಿ ಹಾಕುವವರು ಅಮಿನಿಯ ಜೊತೆ ಕದ್ಮತ್‌ನ ಹೆಸರನ್ನೂ ಸೇರಿಸಿ ಬರೆಯಿರಿ. ಅದು ಉತ್ತರಕ್ಕೆ ಕಣ್ಣಳತೆಯಲ್ಲೇ ಇದೆ, ಅಲ್ಲಿಗೆ ದೋಣಿಯೂ ಸಿಗುತ್ತದೆ, ಆದರೆ ಪರವಾನಗಿಯಲ್ಲಿ ಹೆಸರಿಲ್ಲದ ದ್ವೀಪದಲ್ಲಿ ಇಳಿಯುವಂತಿಲ್ಲ. ಸೆಪ್ಟೆಂಬರ್‌ನಲ್ಲೇ ಕಾಗದಪತ್ರ ಸಿದ್ಧವಾಗಿದ್ದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಹಡಗುಗಳಿಗೆ ಸಮಯವಿರುತ್ತದೆ. ಕಿಲ್ತಾನ್ ಮತ್ತು ಚೆತ್ಲಾತ್‌ಗಳಿಗೆ ನನ್ನ ಅರ್ಜಿ ಈಗಾಗಲೇ ಹೋಗಿದೆ.