ಎರಡು ಅಣೆಕಟ್ಟು, ಒಂದು ಪ್ರಬಂಧ

ನಾನು ಮರಿಯಮ್ಮನಹಳ್ಳಿಯವಳು, ಮದುವೆಯಾಗಿ ಬಂದದ್ದು ಮಂಡ್ಯಕ್ಕೆ. ಶಾಲಾ ಶಿಕ್ಷಕಿ. ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ದೂರಶಿಕ್ಷಣದಲ್ಲಿ ಇತಿಹಾಸ ಎಂ.ಎ.ಗೆ ಸೇರಿದೆ. ತೌಲನಿಕ ಪ್ರಬಂಧ ಬರೆಯಬೇಕು ಎಂದಾಗ ವಿಷಯಕ್ಕಾಗಿ ಅಲೆಯಲಿಲ್ಲ. ತವರಿನ ಕಡೆ ತುಂಗಭದ್ರಾ, ಗಂಡನ ಮನೆಯ ಕಡೆ ಕನ್ನಂಬಾಡಿ. ಎರಡನ್ನೂ ನೋಡಿಯೇ ಬದುಕಿದವಳು.

ವಯಸ್ಸಾದ ವಿದ್ಯಾರ್ಥಿಗಳಿಗೆ ಸಹಾಯ ಕೇಳಲು ಸಂಕೋಚ. ಆ ಸಂಕೋಚವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ: ದುಡ್ಡು ಕೊಟ್ಟರೆ ಬೈಂಡ್ ಮಾಡಿದ ಪ್ರಬಂಧವನ್ನೇ ಕೈಗಿಡುವ ಜೆರಾಕ್ಸ್ ಅಂಗಡಿಗಳು. ನನಗೆ ಬೇಕಾದದ್ದು ಬರೆದುಕೊಡುವವರಲ್ಲ, ಅಡ್ಡಪ್ರಶ್ನೆ ಹಾಕುವವರು. ಇಬ್ಬರು ಸಿಕ್ಕಿದರು. ಒಬ್ಬರು ಮಾರ್ಗದರ್ಶಕರು, ಇನ್ನೊಬ್ಬರು ನಮ್ಮ ಬೀದಿಯ ನಿವೃತ್ತ ನೀರಾವರಿ ಇಂಜಿನಿಯರ್.

ಮಾರ್ಗದರ್ಶಕರ ಮೊದಲ ಮಾತೇ ಹೀಗಿತ್ತು: “ಎರಡೂ ಅಣೆಕಟ್ಟು ಎಂಬುದು ಎಲ್ಲರಿಗೂ ಗೊತ್ತು ಮೇಡಂ. ಒಟ್ಟಿಗೆ ಇಟ್ಟರೆ ಮಾತ್ರ ಕಾಣುವಂಥದ್ದು ಏನಿದೆ, ಅದನ್ನು ಹೇಳಿ.” ನನ್ನ ಮಟ್ಟಿಗೆ ತೌಲನಿಕ ಪ್ರಬಂಧದ ಪಾಠವೆಲ್ಲ ಇದರಲ್ಲೇ ಇದೆ.

ದೊಡ್ಡ ಹಾಳೆಯಲ್ಲಿ ಮೂರು ಅಂಕಣ ಎಳೆದೆ. ಎಡಕ್ಕೆ ಕನ್ನಂಬಾಡಿ, ಬಲಕ್ಕೆ ತುಂಗಭದ್ರಾ, ನಡುವೆ ಮಾನದಂಡ. ನಡುವಿನ ಅಂಕಣಕ್ಕೆ ಹೆಸರು ಕೊಡಲಾಗದ ಯಾವ ವಿವರವನ್ನೂ ಅಕ್ಕಪಕ್ಕದಲ್ಲಿ ಬರೆಯಬಾರದು ಎಂದು ನಿಯಮ ಮಾಡಿಕೊಂಡೆ. ಬೃಂದಾವನದ ಕಾರಂಜಿ ಹೀಗೆ ಹೊರಗುಳಿಯಿತು. ಅದಕ್ಕೆ ಎದುರಾಗಿ ಇಡಲು ಹೊಸಪೇಟೆಯ ಉದ್ಯಾನವಿದೆ, ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆಗೂ ಕಾರಂಜಿಗೂ ಏನು ಸಂಬಂಧ?

ಅಂಕಿಗಳಲ್ಲಿ ಹೆಚ್ಚು ಹೊತ್ತು ಕಳೆಯಿತು. ಮಂಡ್ಯದವರ ಬಾಯಲ್ಲಿ ಕನ್ನಂಬಾಡಿ ತುಂಬಿತೆಂದರೆ 124.80 ಅಡಿ. ಹೊಸಪೇಟೆಯಲ್ಲಿ ತುಂಗಭದ್ರಾ ತುಂಬಿತೆಂದರೆ 1633 ಅಡಿ. ಮೊದಲನೆಯದು ಅಣೆಕಟ್ಟಿನ ತಳದಿಂದ ಎಣಿಸಿದ್ದು, ಎರಡನೆಯದು ಸಮುದ್ರಮಟ್ಟದಿಂದ. ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚಾದರೂ ಇವುಗಳನ್ನು ಹೋಲಿಸುವಂತಿಲ್ಲ. ಸಾಮರ್ಥ್ಯದ ಕಥೆಯೂ ಅಷ್ಟೇ. ತುಂಗಭದ್ರಾ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕನ್ನಂಬಾಡಿಯ 49.45 ಟಿಎಂಸಿ ಮೂಲ ಲೆಕ್ಕದ ಅಂಕಿ. ಅದರ ಪಕ್ಕದಲ್ಲಿ 133 ಇಡಬೇಕೇ ಹೊರತು 105 ಅಲ್ಲ.

ಸಾಮ್ಯದ ಸಾಲುಗಳನ್ನೂ ಹೀಗೇ ಕೆದಕಿದೆ. ಎರಡನ್ನೂ ಕಟ್ಟಿದ್ದು ಸುರ್ಕಿ ಗಾರೆಯಿಂದ, ಅಂದರೆ ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿ. ಆದರೆ 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾದಾಗ ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ಇನ್ನೂ ಬೇರೂರಿರಲಿಲ್ಲ. ತುಂಗಭದ್ರೆಯ ಕೆಲಸ ಆರಂಭವಾದ 1945ರ ಹೊತ್ತಿಗೆ ಕಾರ್ಖಾನೆಗಳಿದ್ದವು. ಗಾರೆ ಒಂದೇ, ಕಾಲ ಬೇರೆ. ಇದು ಪ್ರಬಂಧದಲ್ಲಿ ಒಂದು ಪ್ಯಾರಾ ಆಯಿತು, ಅದಕ್ಕಿಂತ ಹೆಚ್ಚು ಬೆಳೆಸಲಿಲ್ಲ.

ಕೊನೆಗೆ ಉಳಿದ ಮಾನದಂಡ ಒಪ್ಪಂದ. ಕನ್ನಂಬಾಡಿಯನ್ನು ಕಟ್ಟಿದ್ದು ಮೈಸೂರು ಸಂಸ್ಥಾನ ಒಂದೇ. ಕೆಳಗಿನ ಮದ್ರಾಸ್ ತಕರಾರು ಎತ್ತಿತು, ಕೆಲಸ ನಡೆಯುತ್ತಿರುವಾಗಲೇ 1924ರ ಒಪ್ಪಂದವಾಯಿತು. ತುಂಗಭದ್ರೆಯ ವಿಷಯದಲ್ಲಿ ಮದ್ರಾಸ್ ಮತ್ತು ಹೈದರಾಬಾದ್ 1944ರಲ್ಲೇ ಒಪ್ಪಂದ ಮಾಡಿಕೊಂಡು, ಮರುವರ್ಷ ಶಂಕುಸ್ಥಾಪನೆ ಮಾಡಿದವು. ಒಂದು ಕಡೆ ಕಲ್ಲು ಮೊದಲು, ಇನ್ನೊಂದು ಕಡೆ ಕಾಗದ ಮೊದಲು ಎಂದು ಕರಡಿನಲ್ಲಿ ಬರೆದಿದ್ದೆ. ಇಂಜಿನಿಯರ್ ಸಾಹೇಬರು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ “1892?” ಎಂದು ಗೀಚಿದರು. ಹೊಸ ಜಲಾಶಯಕ್ಕೆ ಮದ್ರಾಸಿನ ಒಪ್ಪಿಗೆ ಬೇಕೆನ್ನುವ ಒಪ್ಪಂದ ಆಗಲೇ ಇತ್ತಲ್ಲ ಎಂಬುದು ಅವರ ತಕರಾರು. ಅದರಿಂದ ವಾದ ಬೀಳಲಿಲ್ಲ, ಮೊನಚಾಯಿತು: ಕಾವೇರಿಯಲ್ಲಿ ಒಪ್ಪಂದ ಒಪ್ಪಿಗೆ ಕೇಳುವುದಕ್ಕೆ, ತುಂಗಭದ್ರೆಯಲ್ಲಿ ಒಪ್ಪಂದ ಜೊತೆಗೂಡಿ ಕಟ್ಟುವುದಕ್ಕೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ತುಂಗಭದ್ರಾ ಮಂಡಳಿ ರಚನೆಯಾಗಿ, ಅಣೆಕಟ್ಟು ಇಂದಿಗೂ ಅದರ ಕೈಯಲ್ಲಿದೆ. ಕಾವೇರಿಗೆ ನೀರು ನಿರ್ವಹಣಾ ಪ್ರಾಧಿಕಾರ ಬಂದದ್ದು 2018ರಲ್ಲಿ.

ರಚನೆಯ ಬಗ್ಗೆ ಎರಡು ಮಾತು. ಮೊದಲ ಅರ್ಧ ಕನ್ನಂಬಾಡಿ, ಉಳಿದರ್ಧ ತುಂಗಭದ್ರಾ ಎಂದು ಬರೆದರೆ ಹೋಲಿಸುವ ಕೆಲಸ ಓದುವವರ ತಲೆಗೆ ಬೀಳುತ್ತದೆ. ಹಿನ್ನೆಲೆಯನ್ನು ಮಾತ್ರ ಬೇರೆಬೇರೆಯಾಗಿ ಕೊಟ್ಟು, ಆಮೇಲೆ ಒಪ್ಪಂದ, ವೆಚ್ಚ, ಮುಳುಗಡೆ ಎಂದು ಅಂಶವಾರು ಸಾಗಿದೆ. ಮುಳುಗಡೆಯ ಅಧ್ಯಾಯದಲ್ಲಿ ತೂಕ ತಪ್ಪುವ ಭಯವಿತ್ತು. ನಾರಾಯಣದೇವರಕೆರೆ ಮುಳುಗಿ ಜನ ನಮ್ಮೂರಿಗೆ ಬಂದ ಕಥೆಯನ್ನು ಮನೆಯಲ್ಲೇ ಕೇಳಿ ಬೆಳೆದವಳು ನಾನು. ಕನ್ನಂಬಾಡಿ ಗ್ರಾಮದ ಬಗ್ಗೆ ನನ್ನ ಬಳಿ ಅಂಥ ನೆನಪುಗಳಿಲ್ಲ. ಆದ್ದರಿಂದ ಎರಡೂ ಕಡೆ ಲಿಖಿತ ದಾಖಲೆಯನ್ನಷ್ಟೇ ಬಳಸಿ, ಅಜ್ಜಿಯ ಮಾತುಗಳನ್ನು ಮುನ್ನುಡಿಗೆ ಸರಿಸಿದೆ.

ಟೈಪಿಂಗಿಗೆ ಬಿಡುವು ಇಟ್ಟುಕೊಳ್ಳಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಜಾಗ ಬಿಟ್ಟು ಓಡುತ್ತವೆ, ಅಡಿಟಿಪ್ಪಣಿಯ ಸಂಖ್ಯೆಗಳು ಕಲಸಿಹೋಗುತ್ತವೆ. ಇದನ್ನು ಮಗನಿಗೆ ವಹಿಸಿದೆ. ಈ ಸಹಾಯ ಕೇಳಲು ನನಗೆ ಸಂಕೋಚವೇನೂ ಆಗಲಿಲ್ಲ.