ಕಸದ ತೊಟ್ಟಿಗೆ ಸೆನ್ಸರ್ ಹಾಕಿದ ನನ್ನ ಅನುಭವ

ನಮ್ಮ ಊರಿನ ಮಾರ್ಕೆಟ್ ಸುತ್ತ ಹನ್ನೆರಡು ದೊಡ್ಡ ಕಸದ ತೊಟ್ಟಿಗಳಿವೆ, ಒಂದೊಂದೂ 1100 ಲೀಟರಿನದು. ಕೆಲವು ಮಧ್ಯಾಹ್ನಕ್ಕೇ ತುಂಬಿ ರಸ್ತೆಗೆ ಚೆಲ್ಲುತ್ತಿದ್ದವು. ಕೆಲವು ಅರ್ಧವೂ ತುಂಬಿರುತ್ತಿರಲಿಲ್ಲ, ಆದರೂ ಕಸ ಒತ್ತಿ ತುಂಬಿಕೊಳ್ಳುವ ಕಾಂಪ್ಯಾಕ್ಟರ್ ಲಾರಿ ಸುಮ್ನೆ ಹೋಗಿ ಬರುತ್ತಿತ್ತು. ಯಾವುದು ತುಂಬಿದೆ ಅಂತ ಮೊದಲೇ ಗೊತ್ತಾದರೆ ಒಳ್ಳೆಯದಲ್ವಾ? ಆ ಕೆಲಸ ನನ್ನ ಪಾಲಿಗೆ ಬಂತು.

ಮುಚ್ಚಳದ ಒಳಬದಿಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿದೆ, ನೀರು ಹೋಗದಂಥದ್ದು. ಅದು ಬಿಟ್ಟ ಶಬ್ದ ಕಸಕ್ಕೆ ತಾಗಿ ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ಕಡಿಮೆ ಬ್ಯಾಟರಿಯಲ್ಲೇ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಲೋರಾ ರೇಡಿಯೋ ಅರ್ಧ ಗಂಟೆಗೊಮ್ಮೆ ಆ ಅಂಕಿ ಕಳಿಸುತ್ತದೆ. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್ ನಡುವೆ ಕಡಿಮೆ ಶಕ್ತಿಯ ರೇಡಿಯೋಗೆ ಲೈಸೆನ್ಸ್ ಬೇಡ, ಸಿಮ್ ಖರ್ಚೂ ಇಲ್ಲ. ಆದರೆ ಕಬ್ಬಿಣದ ತೊಟ್ಟಿಯ ಒಳಗಿಂದ ಸಿಗ್ನಲ್ ಸಿಗುವುದಿಲ್ಲ, ಆಂಟೆನಾ ಹೊರಗೇ ಇರಬೇಕು. ಸೆನ್ಸರಿನ ಪೆಟ್ಟಿಗೆಯನ್ನು ಅಂಟಿನಿಂದ ಹಚ್ಚಬೇಡಿ, ಬೋಲ್ಟ್ ಹಾಕಿ. ಲಾರಿ ತೊಟ್ಟಿಯನ್ನು ಎತ್ತಿ ಕುಕ್ಕುವಾಗ ಅಂಟು ನಿಲ್ಲುವುದಿಲ್ಲ.

ಮೊದಲ ವಾರ ತಲೆಕೆಟ್ಟು ಹೋಯಿತು. ತುಂಬಿ ತುಳುಕುವ ತೊಟ್ಟಿಯೇ ಅರ್ಧ ಖಾಲಿ ಅಂತ ತೋರಿಸುತ್ತಿತ್ತು! ಈ ಬಗೆಯ ಸೆನ್ಸರ್‌ಗೆ ಎದುರಿನ ಸುಮಾರು 20 ಸೆಂಟಿಮೀಟರ್ ಕಾಣುವುದೇ ಇಲ್ಲ. ಅದಕ್ಕೇ ‘ತುಂಬಿತು’ ಅನ್ನುವ ಗೆರೆಯನ್ನು ಮುಚ್ಚಳದಿಂದ 35 ಸೆಂಟಿಮೀಟರ್ ಕೆಳಗೆ ಇಟ್ಟೆ. ಒಮ್ಮೆ ಗೆರೆ ದಾಟಿದರೆ, ಲಾರಿ ಬರುವವರೆಗೂ ಆ ತೊಟ್ಟಿ ತುಂಬಿದ್ದೇ ಅಂತ ಲೆಕ್ಕ.

ಹಬ್ಬದ ಮಾರನೇ ದಿನ ಡ್ರೈವರ್ ಫೋನ್ ಮಾಡಿದರು. “ಸಾರ್, ತುಂಬಿದೆ ಅಂತ ಬಂದಿದೆ. ಇಲ್ಲಿ ನೋಡಿದ್ರೆ ಒಂದು ಬಾಳೆಕಂದು ಓರೆಯಾಗಿ ನಿಂತಿದೆ, ಅಷ್ಟೇ.” ಅವತ್ತಿನಿಂದ ಅಂಕಿ ಒಮ್ಮೆಲೇ ಜಿಗಿದರೆ ಲಾರಿ ಕಳಿಸುವುದಿಲ್ಲ. ಆ ಬೀದಿಯ ಪೌರಕಾರ್ಮಿಕರಿಗೆ ಫೋನ್ ಮಾಡಿ ಕೇಳುತ್ತೇವೆ.

ನನಗೆ ಜಾಸ್ತಿ ಕಲಿಸಿದ್ದು ಮೀನಿನ ಅಂಗಡಿಗಳ ಹತ್ತಿರದ ತೊಟ್ಟಿ. ಅದು ಗೆರೆ ಮುಟ್ಟಲು ಮೂರು ದಿನ ಬೇಕು. ಅಲ್ಲಿಯವರೆಗೆ ಲಾರಿಗೆ ಕೊಡುವ ನನ್ನ ಪಟ್ಟಿಯಲ್ಲಿ ಅದರ ಹೆಸರೇ ಬರುತ್ತಿರಲಿಲ್ಲ. ಅಲ್ಲಿ ಗುಡಿಸುವ ಅಕ್ಕ ನನ್ನನ್ನು ಕರೆದುಕೊಂಡು ಹೋಗಿ ಮುಚ್ಚಳ ಎತ್ತಿದರು. ಮೀನಿನ ತಲೆಗಳ ಮೇಲೆ ಬಿಳಿ ಹುಳ ಮಿಜಿಮಿಜಿ ಅನ್ನುತ್ತಿದ್ದವು. “ತುಂಬ್ಲಿ ಬಿಡ್ಲಿ, ಇದನ್ನ ದಿನಾ ಎತ್ತಬೇಕು ಸಾರ್. ಕೆಳಗೆ ಬಿದ್ದಿದ್ದನ್ನ ಬಾಚೋರು ನಾವು” ಅಂದರು. ನನಗೆ ಮಾತೇ ಹೊರಡಲಿಲ್ಲ. ಅಂಕಿ ಸರಿಯಾಗೇ ಇತ್ತು, ನನ್ನ ಲೆಕ್ಕದಲ್ಲಿ ಅವರು ಇರಲಿಲ್ಲ.

ಅವತ್ತು ಸಂಜೆಯೇ ಆ ಸೆನ್ಸರ್ ಬಿಚ್ಚಿ ಬಸ್ ಸ್ಟ್ಯಾಂಡಿನ ತೊಟ್ಟಿಗೆ ಹಾಕಿದೆ. ಈಗ ಲಾರಿ ಬೆಳಗ್ಗೆ ಮೊದಲು ಹೋಗುವುದೇ ಮೀನಿನ ತೊಟ್ಟಿಗೆ.