ಮಗಳ ಸುದರ್ಶನ ಚಕ್ರಕ್ಕೆ ದೀಪ ಹಾಕಿದ್ದು

ಜನ್ಮಾಷ್ಟಮಿಗೆ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಎರಡನೇ ಕ್ಲಾಸಿನ ನನ್ನ ಮಗಳಿಗೆ ಕೊಳಲಿನ ಕೃಷ್ಣ ಬೇಡವಂತೆ, ಚಕ್ರ ಹಿಡಿದ ಕೃಷ್ಣನೇ ಆಗಬೇಕಂತೆ, ಅದೂ ಬೆಳಗುವ ಚಕ್ರ. ಒಂದು ವಾರ ಟೈಮ್ ಇತ್ತು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್‌.ಪಿ. ರೋಡಿಗೆ ಹೋಗಿ ಐದು ಮಿಲಿಮೀಟರಿನ ಎಲ್‌ಇಡಿ, ವೈರು, ಸ್ವಿಚ್ಚು ಎಲ್ಲಾ ತಂದೆ.

ಚಕ್ರ ಬೇಗ ಮುಗಿಯಿತು. ಸನ್‌ಬೋರ್ಡ್ ಅನ್ನುವ ಗಟ್ಟಿ ಫೋಮ್ ಹಾಳೆಯಲ್ಲಿ ತಟ್ಟೆಯಳತೆಯ ಎರಡು ಬಿಲ್ಲೆ ಕತ್ತರಿಸಿ, ಹಳದಿ ಬೇಗಡೆ ಅಂಟಿಸಿ, ನಡುವೆ ಬೆರಳಗಲ ಸಂದು ಬಿಟ್ಟು ಜೋಡಿಸಿದೆ. ಥರ್ಮಾಕೋಲ್ ತಗೊಳ್ಳಬೇಡಿ, ಗ್ಲೂ ಗನ್ನಿನ ಬಿಸಿ ಅಂಟು ಬಿದ್ದಲ್ಲಿ ಕರಗಿ ಗುಂಡಿಯಾಗುತ್ತದೆ.

ದೀಪದ ಕೆಲಸ ಮಾತ್ರ ಎರಡು ಸಲ ಮಾಡಬೇಕಾಯಿತು. ಮೊದಲು ಒಂದು ಬಟನ್ ಸೆಲ್ಲಿಗೆ, ಅದೇ ಸಿಆರ್2032, ಒಂದು ಕೆಂಪು ದೀಪ, ಒಂದು ಬಿಳಿ ದೀಪ ಎರಡನ್ನೂ ಒಟ್ಟಿಗೆ ಸಿಕ್ಕಿಸಿದೆ. ಕೆಂಪು ಹತ್ತಿತು, ಬಿಳಿ ಹತ್ತಲೇ ಇಲ್ಲ. ಬಿಳಿ ದೀಪ ಕೆಟ್ಟಿದೆ ಅಂದುಕೊಂಡು ಬದಲಿಸಿದೆ, ಅದೂ ಹಾಗೇ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ 3 ವೋಲ್ಟ್ ಹತ್ತಿರ ಬೇಕು. ಕೆಂಪು ದೀಪ ಆ ಪುಟ್ಟ ಸೆಲ್ಲಿನ ವೋಲ್ಟೇಜನ್ನೇ ಕೆಳಗೆ ಎಳೆದುಬಿಡುತ್ತದೆ, ಬಿಳಿಗೆ ಏನೂ ಉಳಿಯುವುದಿಲ್ಲ. ಅದು ಗೊತ್ತಾಗುವಷ್ಟರಲ್ಲಿ ನನ್ನ ಹೆಂಡತಿ, "ರೀ, ಆ ಸೆಲ್ಲು ಮೊದಲು ತೆಗೀರಿ, ಚಿಕ್ಕೋನು ಬಾಯಿಗೆ ಹಾಕ್ಕೊಂಡ್ರೆ?" ಅಂದಳು. ಅವಳ ಮಾತು ನಿಜ. ಬಟನ್ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಆಮೇಲೆ ಮೂರು ಎಎ ಸೆಲ್ ಹಿಡಿಯುವ, ಸ್ಕ್ರೂ ಹಾಕಿ ಮುಚ್ಚುವ ಡಬ್ಬಿ ತಂದೆ. ಮೂರೂ ಸೇರಿ 4.5 ವೋಲ್ಟ್. ಪ್ರತಿ ದೀಪಕ್ಕೂ ಅದರದ್ದೇ ರೆಸಿಸ್ಟರ್, ಅಂದರೆ ಕರೆಂಟು ಜಾಸ್ತಿ ಹರಿಯದಂತೆ ತಡೆಯುವ ಪುಟ್ಟ ಬಿಡಿಭಾಗ, ಹಾಕಿದೆ. ಬಿಳಿಗೆ 150 ಓಮ್, ಕೆಂಪಿಗೆ 270. ಹಾಗೆ ಹಾಕಿದರೆ ಒಂದೊಂದು ದೀಪಕ್ಕೆ ಹತ್ತು ಮಿಲಿಆಂಪ್ ಆಸುಪಾಸು ಹೋಗುತ್ತದೆ, ಅಷ್ಟು ಧಾರಾಳ ಸಾಕು. ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಬೆಸುಗೆ ಹಾಕುವ ಮೊದಲು ಒಂದೊಂದನ್ನೂ ಹತ್ತಿಸಿ ನೋಡಿ.

ಎಂಟು ದೀಪ ಹತ್ತಿಸಿದರೆ ಚಕ್ರ ಬೆಳಗಲಿಲ್ಲ, ಎಂಟು ಚುಕ್ಕಿ ಕಣ್ಣಿಗೆ ಚುಚ್ಚಿದವು ಅಷ್ಟೇ. ಇದು ನನಗೆ ತುಂಬಾ ಬೇಜಾರು ತಂದಿತ್ತು. ದೀಪಗಳ ತಲೆಯನ್ನು ಉಪ್ಪುಕಾಗದದಲ್ಲಿ ಮಬ್ಬಾಗುವವರೆಗೆ ಉಜ್ಜಿದೆ, ಮುಖ ಒಳಗಡೆಗೆ ತಿರುಗಿಸಿದೆ, ಅಂಚಿನ ಸಂದಿಗೆ ಸುತ್ತಲೂ ಬಟರ್ ಪೇಪರಿನ ಪಟ್ಟಿ ಅಂಟಿಸಿದೆ. ಬೆಳಕು ಒಳಗಿನ ಬೇಗಡೆಗೆ ಬಡಿದು ಹೊರಗೆ ಬರುವಾಗ ಇಡೀ ಅಂಚು ಕೆಂಡದ ಬಳೆಯ ಹಾಗೆ ಹೊಳೆಯಿತು. ಮನೆಯ ಲೈಟು ಆರಿಸಿ ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆವು.

ಡಬ್ಬಿಯನ್ನು ಚಕ್ರದಲ್ಲೇ ಇಡಬಾರದು. ಸೆಲ್ಲುಗಳೇ 70 ಗ್ರಾಂ ಹತ್ತಿರ ತೂಗುತ್ತವೆ, ಪುಟ್ಟ ಬೆರಳು ಎಷ್ಟು ಹೊತ್ತು ತಡೆದೀತು? ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿ, ವೈರನ್ನು ಕಂಕುಳಿಂದ ತೋಳಿನ ಮೇಲೆ ಒಯ್ದೆ. ಉದ್ದ ಅಳೆದಿದ್ದು ಅವಳು ಕೈ ಇಳಿಬಿಟ್ಟು ನಿಂತಾಗ. ಹಿಂದಿನ ರಾತ್ರಿ ವೇಷ ಹಾಕಿ ನೋಡಿದರೆ, ಕೈ ಎತ್ತಿದ ಕೂಡಲೇ ವೈರು ಬಿಗಿದು ಮೊಣಕೈ ಹತ್ತಿರ ಪಟ್ ಅಂತ ತುಂಡಾಯಿತು. ಒಂಟಿ ತಂತಿಯ ಗಟ್ಟಿ ವೈರು ಬೇರೆ. "ಅಪ್ಪಾ, ಆರಿ ಹೋಯ್ತು" ಅಂದಳು, ಕೈ ಇನ್ನೂ ಮೇಲೇ ಇತ್ತು. ಹನ್ನೊಂದು ಗಂಟೆ ರಾತ್ರಿಗೆ ಸಣ್ಣ ಎಳೆಗಳಿರುವ ಮೆತ್ತನೆ ವೈರು ಹಾಕಿ, ಕೈ ಪೂರ್ತಿ ಎತ್ತಿಸಿ ಅಳೆದು, ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಮತ್ತೆ ಬೆಸುಗೆ ಹಾಕಿದೆ. ಬೆಸುಗೆಯ ಎರಡೂ ಕಡೆ ಒಂದೊಂದು ಹನಿ ಬಿಸಿ ಅಂಟು ಹಾಕಿದೆ, ಎಳೆತ ಜಾಯಿಂಟಿಗೆ ಬೀಳದ ಹಾಗೆ.

ಮರುದಿನ ವೇದಿಕೆಯ ಮೇಲೆ ಅವಳು ಸೊಂಟದ ಸ್ವಿಚ್ ಒತ್ತಿ ಕೈ ಎತ್ತಿದಳು, ಮಾತು ಮುಗಿಯುವವರೆಗೂ ಉರಿಯಿತು. ಮನೆಗೆ ಬಂದ ಮೇಲೆ ಸೆಲ್ ತೆಗೆದಿಟ್ಟೆ, ಸೋರಿದರೆ ಡಬ್ಬಿ ಹಾಳಾಗುತ್ತದೆ. ಮುಂದಿನ ವರ್ಷ ಕಿರೀಟದ ನವಿಲುಗರಿಯ ಹಿಂದೆ ಒಂದು ನೀಲಿ ದೀಪ ಬೇಕಂತೆ. ನೀಲಿಗೂ ಬಿಳಿಯಷ್ಟೇ ವೋಲ್ಟ್, ಉಳಿದ 150 ಓಮ್ ರೆಸಿಸ್ಟರುಗಳನ್ನು ಎತ್ತಿಟ್ಟಿದ್ದೇನೆ.